ಹೊಳೆ ಹೊತ್ತ ಹಡಗಿನ ನಾಲ್ಕನೇ ತುಂಡು

ನಮ್ಮ ಆಸ್ಪತ್ರೆಯ ರೋಗಿಗಳ ಉಲ್ಲಾಸಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಡಯಾಲಿಸಿಸ್ ವಾರ್ಡಿನಲ್ಲಿ, ಕಿಟಕಿ ಪಕ್ಕದ ಹಾಸಿಗೆಯ ಮೇಲೆ, ಎಡಗೈಯನ್ನು ಯಂತ್ರಕ್ಕೆ ಒಪ್ಪಿಸಿ ಬಲಗೈಯಲ್ಲಿ ಈ ಪತ್ರ ಬರೆಯುತ್ತಿರುವ ನನ್ನ ನಮಸ್ಕಾರಗಳನ್ನು ತಾವು ದಯಮಾಡಿ ಸ್ವೀಕರಿಸಬೇಕು. ಎರಡೂ ಕೈ ಜೋಡಿಸಲು ಹೋದರೆ ಸೂಜಿ ಅಲುಗಿ ಯಂತ್ರ ಕೂಗಿಕೊಳ್ಳುತ್ತದೆ, ಆದ್ದರಿಂದ ಈ ಅರ್ಧ ನಮಸ್ಕಾರವನ್ನೇ ಪೂರ್ತಿಯೆಂದು ಭಾವಿಸತಕ್ಕದ್ದು. ತಾವು ನನ್ನ ಒಡಹುಟ್ಟಿದ ತಂಗಿಯ ಮಗನೆಂಬುದೂ, ಹಲ್ಲು ಬರುವ ಕಾಲಕ್ಕೆ ತಾವು ಕಚ್ಚಿ ಅಭ್ಯಾಸ ಮಾಡಿದ್ದು ಇದೇ ಎಡಗೈಯ ಮೇಲೆಂಬುದೂ ನಿಜವೇ. ಆದರೆ ಕೆಲಸಕ್ಕೆ ಸೇರಿದ ದಿನವೇ ತಾವು ವಾರ್ಡಿನ ಬಾಗಿಲಲ್ಲಿ ನಿಂತು, "ಮನೇಲಿ ನೀವು ದೊಡ್ಡಮ್ಮ, ಇಲ್ಲಿ ಪೇಷಂಟು, ಇಲ್ಲಿ ನನ್ನನ್ನ ಸರ್ ಅನ್ನಿ" ಎಂದು ಅಪ್ಪಣೆ ಮಾಡಿದ್ದರಿಂದ, ಆ ಸಲಿಗೆಯನ್ನೆಲ್ಲ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರೆಯುತ್ತಿದ್ದೇನೆ.

ಇದನ್ನು ತಮ್ಮ ಸಲಹಾ ಪೆಟ್ಟಿಗೆಗೇ ಹಾಕಬಹುದಿತ್ತು. ಆದರೆ ಆ ಪೆಟ್ಟಿಗೆಯ ಬೀಗದ ಕೈ ಕಳೆದಿದೆಯೆಂದು ತಾವೇ ನಗುನಗುತ್ತ ಹೇಳಿದ್ದೀರಿ. ಹಾಗಾಗಿ ತೂಕದ ಯಂತ್ರದ ಎದುರಿನ ಗೋಡೆಗೆ ಅಂಟಿಸುವುದೆಂದು ತೀರ್ಮಾನಿಸಿದ್ದೇನೆ. ಸೂಜಿ ಚುಚ್ಚಿಸಿಕೊಳ್ಳುವ ಮೊದಲು ಇಲ್ಲಿ ಪ್ರತಿಯೊಬ್ಬರೂ ಆ ಯಂತ್ರ ಹತ್ತಲೇಬೇಕು, ಹತ್ತಿದವರು ಕೆಳಗೆ ನೋಡಿದರೆ ನಿನ್ನೆ ಕದ್ದು ಕುಡಿದ ನೀರೆಲ್ಲ ಅಂಕಿಯಾಗಿ ಕಾಣಿಸುವುದರಿಂದ ಎಲ್ಲರೂ ಗೋಡೆಯನ್ನೇ ನೋಡುತ್ತಾರೆ.

ಮೊದಲಿಗೆ ತಮ್ಮ ಸಾಧನೆಗಳನ್ನು ಕೊಂಡಾಡುವುದು ನನ್ನ ಕರ್ತವ್ಯ. ತಾವು ಬಂದ ಮೇಲೆ ಗೋಡೆಗಳು ಹಳದಿಯಾದವು, ಕಸದ ಬುಟ್ಟಿಗೂ ನಗುಮುಖ ಬಂತು, ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗಟ್ಟುವಾಗಲೂ ಸೂರಿನ ಸ್ಪೀಕರಿನಲ್ಲಿ ಹಾಡು ನಿಲ್ಲುವುದಿಲ್ಲ. ಇಷ್ಟರಲ್ಲೇ ತೃಪ್ತರಾಗದೆ ಕಳೆದ ವಾರ ತಮ್ಮ ದೃಷ್ಟಿ ನಮ್ಮ ಪುಸ್ತಕದ ತಳ್ಳುಗಾಡಿಯ ಮೇಲೆ ಬಿತ್ತು.

ಆ ಗಾಡಿಯ ವಿಚಾರ ತಮಗೆ ಯಾರೂ ಹೇಳಿದಂತಿಲ್ಲ, ಕೇಳುವ ಪದ್ಧತಿಯೂ ತಮಗಿಲ್ಲ. ಅದರಲ್ಲಿದ್ದವೆಲ್ಲ ವೈಜ್ಞಾನಿಕ ಕಾದಂಬರಿಗಳು. ವಾರಕ್ಕೆ ಮೂರು ಸಲ ಅರ್ಧ ದಿನ ಒಂದು ಯಂತ್ರಕ್ಕೆ ಮೈಯ ರಕ್ತವನ್ನೆಲ್ಲ ಕೊಟ್ಟು ವಾಪಸ್ ಇಸಿದುಕೊಳ್ಳುವವರಿಗೆ ರಾಜಕುಮಾರಿಯ ಪ್ರೇಮಕಥೆ ಹಿಡಿಸುವುದಿಲ್ಲ, ಬೇರೆ ಗ್ರಹದವರ ಕಷ್ಟಸುಖ ಮಾತ್ರ ಮನೆಯ ಸುದ್ದಿಯ ಹಾಗೆ ಕೇಳಿಸುತ್ತದೆ. ಒಬ್ಬರಿಗೆ ಹಿಡಿಸಿದ್ದನ್ನು ಇನ್ನೊಬ್ಬರಿಗೆ ಶಿಫಾರಸು ಮಾಡುತ್ತ ಮಾಡುತ್ತ ಆ ಗಾಡಿ ತುಂಬಿತ್ತು. ಶಿಫಾರಸಿಗೂ ನಮ್ಮಲ್ಲಿ ಕಟ್ಟುಪಾಡುಂಟು. ಶಿಫಾರಸು ಮಾಡಿದವರು ಓದುವವರ ಪಕ್ಕದಲ್ಲೇ ಮಲಗಿದ್ದರೂ ಕೊನೆಯ ಬಗ್ಗೆ ಬಾಯಿ ಬಿಡುವಂತಿಲ್ಲ. ಮತ್ತೆ, ಬೇಸತ್ತವರಿಗೆ ತೆಳ್ಳಗಿನ ಪುಸ್ತಕ ಕೊಡುವಂತಿಲ್ಲ, ದಪ್ಪನೆಯದನ್ನೇ ಕೊಡಬೇಕು.

ದಪ್ಪ ಪುಸ್ತಕವನ್ನು ಒಂದೇ ಕೈಯಲ್ಲಿ ಹಿಡಿಯುವುದು ಹೇಗೆಂಬ ಪ್ರಶ್ನೆ ಎರಡು ಕೈಯವರಾದ ತಮಗೆ ಏಳಲಾರದು. ನಮಗೆ ಎದ್ದಿತ್ತು. ನಾನು ಬದುಕೆಲ್ಲ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿದವಳು, ಓದು ಕಲಿತದ್ದೂ ಅಲ್ಲೇ, ಮಡಿಚುವ ಹಾಳೆಗಳ ಮೇಲೆ. ಹೊಲಿದದ್ದನ್ನು ಬಿಚ್ಚುವುದು ಕಷ್ಟವೇನಲ್ಲ. ದಪ್ಪ ಕಾದಂಬರಿಗಳ ಬೆನ್ನಿನ ದಾರ ಬಿಡಿಸಿ, ಮೂರೋ ನಾಲ್ಕೋ ತುಂಡು ಮಾಡಿ, ಒಂದೊಂದಕ್ಕೂ ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಹೊಲಿದು ಕೊಡುತ್ತಿದ್ದೆ. ಒಂದು ತುಂಡು ಒಂದು ಅಂಗೈಗೆ ಸರಿ.

ತಾವು ಈ ತುಂಡುಗಳನ್ನು ಎತ್ತಿ ನೋಡಿದಿರಿ, "ಹರಿದು ಹೋದ ಪುಸ್ತಕ" ಎಂದಿರಿ. ಒಂದನ್ನು ತೆರೆದಿರಿ, ದುರದೃಷ್ಟಕ್ಕೆ ಆ ಪುಟದಲ್ಲೇ ಯಾರೋ ಉಸಿರಾಡಲು ಗಾಳಿ ಸಾಲದೆ ಒದ್ದಾಡುತ್ತಿದ್ದರು. "ಇಂಥದ್ದನ್ನ ಓದಿದ್ರೆ ಇರೋ ಆರೋಗ್ಯಾನೂ ಹೋಗುತ್ತೆ" ಎಂದು ಘೋಷಿಸಿ, ಗಾಡಿಯಲ್ಲಿದ್ದುದನ್ನೆಲ್ಲ ಮೂಟೆ ಕಟ್ಟಿಸಿಕೊಂಡು ಹೋದಿರಿ. ಒಂದೇ ಸಲ ಕುಳಿತಲ್ಲೇ ಇಡೀ ಗ್ರಂಥಾಲಯವನ್ನು ವಿಮರ್ಶೆ ಮಾಡಿ ಮುಗಿಸಿದ ತಮ್ಮಂಥ ಓದುಗರನ್ನು ನಾನು ಕಂಡಿಲ್ಲ, ಕ್ಷಮಿಸಿ, ತಾವು ಕುಳಿತೂ ಇರಲಿಲ್ಲ, ನಿಂತೇ ಮುಗಿಸಿದಿರಿ.

ಬದಲಿಗೆ ತಾವು ಕೊಟ್ಟ ಪುಸ್ತಕಗಳ ಉಪಕಾರವನ್ನು ಹೇಗೆ ಮರೆಯಲಿ? ಸಂತೋಷವಾಗಿರುವುದನ್ನು ಕಲಿಸುವ, ನುಣುಪು ಕಾಗದದ, ಗಟ್ಟಿ ರಟ್ಟಿನ ಆ ಗ್ರಂಥಗಳನ್ನು ಎತ್ತಲು ಎರಡು ಕೈಯೂ ಒಂದು ಮೊಣಕಾಲೂ ಬೇಕು. ಹೊದಿಕೆಯ ಮೇಲೆ ಬೆಟ್ಟದ ತುದಿಯಲ್ಲಿ ಒಬ್ಬಾತ ಎರಡೂ ತೋಳು ಚಾಚಿ ನಿಂತಿದ್ದಾನೆ. ಒಂದು ತೋಳು ಅಲುಗಿಸಿದರೂ ಬೈಗುಳ ತಿನ್ನುವ ನಮ್ಮ ಕೋಣೆಗೆ ಆ ಚಿತ್ರವನ್ನು ಆರಿಸಿದ ತಮ್ಮ ಸೂಕ್ಷ್ಮತೆಗೆ ಶರಣು. ಎಲ್ಲರೂ ಕಡ್ಡಾಯವಾಗಿ ನಗುತ್ತಿರಬೇಕಾದ, ಅತ್ತವರನ್ನು ರಿಪೇರಿಗೆ ಕಳಿಸುವ ಒಂದು ಗ್ರಹದ ಮೇಲೆ ಬಹಳ ಒಳ್ಳೆಯ ಕಾದಂಬರಿಯೊಂದಿದೆ. ಅದನ್ನು ತಮಗೆ ಶಿಫಾರಸು ಮಾಡಬೇಕೆಂದಿದ್ದೆ, ಆದರೆ ಅದೂ ತಮ್ಮ ಮೂಟೆಯಲ್ಲೇ ಇದೆ.

ಇನ್ನು ಮುಖ್ಯ ವಿಷಯ. ನನ್ನ ಪಕ್ಕದ ಹಾಸಿಗೆಯವರು ಬಸ್ಸು ಓಡಿಸುತ್ತಿದ್ದವರು, ನನಗಿಂತ ಚಿಕ್ಕವರಾದರೂ ಇಡೀ ವಾರ್ಡಿಗೆ ಡ್ರೈವರಣ್ಣ. ಮಳೆಗಾಲಕ್ಕೆ ಮುಂಚೆ ಅವರಿಗೆ ಸಾಕಾಗಿಹೋಗಿತ್ತು. "ಮೂಲೆಗೆ ತಳ್ಳಿದ ಗಾಡೀನ ಎಷ್ಟು ಸಲ ಅಂತ ತೊಳೀತಾರಕ್ಕ, ಮುಂದಿನ ಸಲದಿಂದ ನಾನು ಬರಲ್ಲ" ಎಂದು ಮೆಲ್ಲಗೆ, ಟಿಕೆಟಿನ ದರ ಹೇಳುವ ಹಾಗೆ ಹೇಳಿದ್ದರು. ನಾನು ಬುದ್ಧಿಮಾತು ಹೇಳಲಿಲ್ಲ. ಹೋಗುವವರು ಹೋಗಿ, ಅದಕ್ಕೆ ಮುಂಚೆ ಇದನ್ನೊಂದು ಓದಿ ಎಂದು 'ಹೊಳೆ ಹೊತ್ತ ಹಡಗು' ಎಂಬ ಕಾದಂಬರಿಯ ಮೊದಲನೇ ತುಂಡು ಕೊಟ್ಟೆ. ಗಾಡಿಯಲ್ಲಿದ್ದುದರಲ್ಲೆಲ್ಲ ದಪ್ಪನೆಯದು ಅದೇ.

ನೀರಿಲ್ಲದ ಒಂದು ಗ್ರಹಕ್ಕೆ ಇಡೀ ಒಂದು ಹೊಳೆಯನ್ನು ಹಡಗಿನ ಹೊಟ್ಟೆಯಲ್ಲಿ ತುಂಬಿಕೊಂಡು ಹೋಗುವವರ ಕಥೆ ಅದು. ನಿಂತರೆ ನೀರು ಕೊಳೆಯುತ್ತದೆ, ಆದ್ದರಿಂದ ಪಯಣ ಮುಗಿಯುವ ತನಕ ಹೊಳೆಯನ್ನು ಹಡಗಿನೊಳಗೇ ಹರಿಸುತ್ತಿರಬೇಕು. ದಿನಕ್ಕೆ ಎರಡು ಲೋಟದ ಮೇಲೆ ನೀರು ಮುಟ್ಟಬಾರದವರಿಗೆ ಅದನ್ನು ಕೊಟ್ಟದ್ದು ಕ್ರೌರ್ಯವೆಂದು ತಮ್ಮ ಗ್ರಂಥಗಳು ಹೇಳಬಹುದು. ಡ್ರೈವರಣ್ಣ ಮಾತ್ರ ಮೊದಲನೇ ತುಂಡು ಮುಗಿಸಿ, ಆ ನಾವಿಕನಿಗೆ ತಿರುವು ತೆಗೆದುಕೊಳ್ಳುವುದೇ ಗೊತ್ತಿಲ್ಲ, ಅಷ್ಟು ನೀರು ಹೊತ್ತವನು ಹಾಗಾ ಬ್ರೇಕ್ ಹಾಕೋದು ಎಂದು ಬೈದು ಎರಡನೇ ತುಂಡಿಗೆ ಕೈ ಚಾಚಿದರು. ಮೂರನೆಯದಕ್ಕೆ ಬರುವ ಹೊತ್ತಿಗೆ ನಾವಿಕನನ್ನು 'ನಮ್ಮವನು' ಎನ್ನತೊಡಗಿದ್ದರು. ಅಷ್ಟೂ ತಿಂಗಳು ಅವರು ಒಂದು ಸರದಿಯನ್ನೂ ತಪ್ಪಿಸಲಿಲ್ಲ. ತಮ್ಮ ಇಲಾಖೆಯ ಹಳದಿ ಬಣ್ಣ ಆಗಿನ್ನೂ ಡಬ್ಬಿಯಲ್ಲಿತ್ತು.

ತಾವು ಮೂಟೆ ಕಟ್ಟಿಸಿದ ದಿನ ಮೂರನೇ ತುಂಡು ಅವರ ಕೈಯಲ್ಲಿತ್ತು. ನಾಲ್ಕನೆಯದು ಗಾಡಿಯಲ್ಲಿತ್ತು.

ಮುಂದಿನ ಸರದಿಯಲ್ಲಿ ಮೂರನೆಯದು ಮುಗಿಯಿತು. ಗ್ರಹ ಕಾಣಿಸಿದೆ, ಹಡಗಿನ ತಳ ಸೀಳು ಬಿಟ್ಟಿದೆ, ನಾವಿಕ ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದಾನೆ, ಅಲ್ಲಿಗೆ ನನ್ನ ಹೊಲಿಗೆ. ನಾಲ್ಕನೆಯದನ್ನು ಬೇಡಲು ತಮ್ಮನ್ನು ಕರೆಸಿದೆವು. ತಾವು ಬಂದು, ವಾರ್ಡಿನ ನಟ್ಟನಡುವೆ ನಿಂತು, ಉದಾರವಾಗಿ ಒಂದು ಷರತ್ತು ಹಾಕಿದಿರಿ: "ಕೊನೆಗೆ ಒಳ್ಳೇದಾಗುತ್ತಾ ಇಲ್ವಾ, ಅಷ್ಟು ಹೇಳಿ. ಒಳ್ಳೇದಾದ್ರೆ ವಾಪಸ್ ಕೊಡ್ತೀನಿ." ಡ್ರೈವರಣ್ಣ ಒಂದು ಕಿವಿಯನ್ನು ದಿಂಬಿಗೆ ಒತ್ತಿ, ಇನ್ನೊಂದನ್ನು ಬಿಡುವಿದ್ದ ಕೈಯಿಂದ ಮುಚ್ಚಿಕೊಂಡು, ಕಣ್ಣಲ್ಲೇ ನನಗೆ ಬೇಡವೆಂದರು. ನನಗೆ ಕೊನೆ ಗೊತ್ತು. ಹೇಳಿದರೆ ಪುಸ್ತಕ ಬಂದರೂ ಅವರಿಗೆ ಅದು ಬರೀ ಕಾಗದ, ಹೇಳದಿದ್ದರೆ ಕಾಗದವೂ ಇಲ್ಲ. ನಾನು ಬಾಯಿ ಮುಚ್ಚಿಕೊಂಡೆ. ತಾವು ಗಡಿಯಾರ ನೋಡಿಕೊಂಡು ಹೋದಿರಿ.

ಇಂದು ಪಕ್ಕದ ಹಾಸಿಗೆ ಖಾಲಿ ಇದೆ. ಚಾದರ ಮಡಿಕೆ ಬಿಚ್ಚದೆ ಹಾಗೇ ಇದೆ, ಯಂತ್ರಕ್ಕೆ ಕೊಳವೆ ಹಾಕಿ ಸಿದ್ಧ ಮಾಡಿಟ್ಟಿದ್ದಾರೆ. ಸಿಸ್ಟರ್ ಫೋನ್ ಮಾಡಿದರೆ, "ಹಡಗು ಎಲ್ಲಿ ನಿಂತಿದೆಯೋ ನಾನೂ ಅಲ್ಲೇ ನಿಂತಿದೀನಿ ಸಿಸ್ಟರ್, ಬಿಡಿ" ಎಂದರಂತೆ. ಒಂದು ಸರದಿ ತಪ್ಪಿದರೆ ಪಾದ ಊದುತ್ತದೆ, ಎರಡು ತಪ್ಪಿದರೆ ನೀರು ಎದೆಗೆ ಏರುತ್ತದೆ. ಇದು ಕಾದಂಬರಿಯದಲ್ಲ ಮಾನ್ಯರೇ, ತಮ್ಮದೇ ಆಸ್ಪತ್ರೆಯ ಗೋಡೆಯ ಮೇಲೆ, ತಮ್ಮ ನಗುಮುಖದ ಚಿತ್ರದಿಂದ ಒಂದು ಗೇಣು ಆಚೆ ಬರೆದಿರುವುದು.

ಆದ್ದರಿಂದ ತಮ್ಮಲ್ಲಿ ಸವಿನಯ ಕೋರಿಕೆಗಳು. ಲೋಕದ ಎಲ್ಲ ಕಾದಂಬರಿಕಾರರನ್ನೂ ಕರೆಸಿ, ಕಷ್ಟ ಬಂದ ಪುಟಗಳಲ್ಲೆಲ್ಲ ಬಲೂನು ಕಟ್ಟಿಸತಕ್ಕದ್ದು. ಗಾಳಿ ಸಾಲದ ಗ್ರಹಗಳಿಗೆ ತಮ್ಮ ಸೂರಿನ ಹಾಡನ್ನು ಕಳಿಸತಕ್ಕದ್ದು. ನಮಗೆಲ್ಲ ಸರಕಾರಿ ಖರ್ಚಿನಲ್ಲಿ ಮೂರನೇ ಕೈ ಮಂಜೂರು ಮಾಡಿಸಿ, ತಮ್ಮ ಗ್ರಂಥಗಳನ್ನು ಎತ್ತುವ ಭಾಗ್ಯ ಕರುಣಿಸತಕ್ಕದ್ದು. ಇವೆಲ್ಲ ಸಾವಕಾಶವಾಗಿ ಆಗಲಿ. ಕ್ಯಾಲೆಂಡರಿನ ನವಿಲಿನ ಚಿತ್ರದ ರಟ್ಟಿರುವ ನಾಲ್ಕನೇ ತುಂಡು ಮಾತ್ರ ನಾಡಿದ್ದಿನ ಸರದಿಗೆ ಬೇಕು. ಇಷ್ಟನ್ನು ಸರ್ ಎಂದೇ ಕೇಳುತ್ತಿದ್ದೇನೆ. ದೊಡ್ಡಮ್ಮನಾಗಿ ಕೇಳಿದರೆ ಹೇಗಿರುತ್ತದೆಂದು ತಮಗೆ ನೆನಪಿರಬಹುದು.

ಒಂದು ಕೈಯ ಬಿಡುವಿನಲ್ಲಿ ಇಷ್ಟೇ ಸಾಧ್ಯವಾದ,
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಪೇಷಂಟು

ತಾ.ಕ.: ಗೋಡೆಗೆ ಅಂಟಿಸುವ ಮೊದಲೇ ತಮ್ಮ ತಾಯಿಯ ಫೋನ್ ಬಂತು. ಮೂಟೆಯನ್ನು ತಾವು ರದ್ದಿಗೆ ಹಾಕದೆ ಮನೆಯ ಜಗಲಿಯಲ್ಲೇ ಇಟ್ಟಿದ್ದೀರಂತೆ. ಆಕ್ಷೇಪಾರ್ಹ ಪುಟಗಳಿಗೆ ಗುರುತು ಹಾಕಲೆಂದು ನವಿಲಿನ ರಟ್ಟಿನದನ್ನು ಎತ್ತಿಕೊಂಡವರು, ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ತಿಳಿಯದೆ ನಿಂತು ಓದಿ ಮುಗಿಸಿದಿರಂತೆ. ಆಮೇಲೆ, "ಅಮ್ಮಾ, ಇದರ ಮೊದಲಿನ ಮೂರು ಭಾಗ ದೊಡ್ಡಮ್ಮನ ಹತ್ರ ಇರುತ್ತಾ, ನಾನು ಕೇಳಿದೆ ಅನ್ನಬೇಡ" ಎಂದಿರಂತೆ. ಇವೆ. ಓದಿ ಮುಗಿದಂತೆಲ್ಲ ಡ್ರೈವರಣ್ಣ ನನಗೆ ಮರಳಿಸಿದ್ದು, ನನ್ನ ದಿಂಬಿನ ಕೆಳಗಿವೆ. ಈ ಸುದ್ದಿಯನ್ನು ಡ್ರೈವರಣ್ಣನಿಗೆ ಫೋನಿನಲ್ಲಿ ಮುಟ್ಟಿಸಿದೆ. "ಟಿಕೆಟ್ ಇಲ್ಲದೆ ಕೊನೇ ಸ್ಟಾಪಲ್ಲಿ ಇಳಿದವನ ಮುಖ ನೋಡಬೇಕಲ್ಲಕ್ಕ, ಬರ್ತೀನಿ" ಎಂದರು. ಆದ್ದರಿಂದ ನಾಡಿದ್ದು ತಾವು ಅವರ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ನಾಲ್ಕನೆಯದನ್ನು ಅವರಿಗೆ ಕೊಟ್ಟು ಮೊದಲನೆಯದನ್ನು ನನ್ನಿಂದ ಪಡೆಯತಕ್ಕದ್ದು. ಅವರು ಓದಿ ಮುಗಿಸುವವರೆಗೆ ತಮ್ಮ ಮುಖದಲ್ಲಿ ಕೊನೆಯ ಸುಳಿವು ಕಾಣುವಂತಿಲ್ಲ. ಅಂದರೆ ಅಳುವಂತಿಲ್ಲ, ಮತ್ತು ತಮ್ಮ ಹುದ್ದೆಗೆ ಎಷ್ಟೇ ಕಷ್ಟವಾದರೂ, ನಗುವಂತಿಲ್ಲ.