ಕಪ್ಪೆಯ ಭಯಕ್ಕೆ ಅಮರಪ್ಪನ ಮದ್ದು

ಮನುಷ್ಯ ಮನಸ್ಸು ಮಾಡಿದರೆ ಎಂಥ ಭಯವನ್ನೂ ಹದಿನೈದು ದಿನದಲ್ಲಿ ಗೆಲ್ಲಬಹುದು ಎಂದು ನಾನು ದೃಢವಾಗಿ ನಂಬಿದ್ದೆ. ಹದಿನಾಲ್ಕು ದಿನ ಆ ನಂಬಿಕೆಗೆ ಏನೂ ಆಗಿರಲಿಲ್ಲ.

ನನಗಿದ್ದದ್ದು ಕಪ್ಪೆಯ ಭಯ. ನಗಬೇಡಿ! ಹುಲಿಗೆ ಹೆದರುವವನಿಗೆ ಸಮಾಜದಲ್ಲಿ ಗೌರವವಿದೆ. ಹಾವಿಗೆ ಹೆದರುವವನನ್ನು ಕಂಡು ನಾಲ್ಕು ಜನ ಅಯ್ಯೋ ಅನ್ನುತ್ತಾರೆ. ಕಪ್ಪೆಗೆ ಹೆದರುವ, ಆರಡಿ ಎತ್ತರದ, ಹುರಿಮೀಸೆಯ ಶಾಲಾ ಮಾಸ್ತರನಿಗೆ ಏನೂ ಇಲ್ಲ.

ನನ್ನ ಊರು ಗುರುಗುಂಟಾ. ಒಣ ಬೇಸಾಯದ ಸೀಮೆ. ಅಲ್ಲಿ ಕಪ್ಪೆಯೆಂದರೆ ಮಳೆಗಾಲದಲ್ಲಿ ನಾಲ್ಕು ದಿನ ಬಂದು ಹೋಗುವ ನೆಂಟ. ಆ ನಾಲ್ಕು ದಿನ ನಾನು ಹೊಸ್ತಿಲು ದಾಟುತ್ತಿರಲಿಲ್ಲ, ಅಷ್ಟೆ. ಆದರೆ ಸರಕಾರ ನನ್ನನ್ನು ಜವಳಗೇರಾ ಕಡೆಯ ಒಂದು ಸಣ್ಣ ಹಳ್ಳಿಯ ಶಾಲೆಗೆ ಹಾಕಿತು. ಅಲ್ಲಿಗೆ ಕಾಲುವೆ ನೀರು ಬಂದು ಮೂರ್ನಾಲ್ಕು ವರ್ಷವಾಗಿತ್ತು. ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ನೀರು ಬಂದ ದಿನ ಊರವರು ಕಾಲುವೆಗೆ ಕಾಯಿ ಒಡೆದು ಪೂಜೆ ಮಾಡಿದ್ದರಂತೆ. ಕಪ್ಪೆಗಳೂ ಮಾಡಿರಬೇಕು, ಅಷ್ಟು ಸುಖವಾಗಿದ್ದವು!

ಮನೆಯಿಂದ ಶಾಲೆಗೆ ಗದ್ದೆಯ ಬದುವಿನ ಮೇಲೇ ದಾರಿ. ನನ್ನ ಹೆಂಡತಿ ಶರಣಮ್ಮ ಕೋಲು ಹಿಡಿದು ಮುಂದೆ ನಡೆಯುತ್ತಿದ್ದಳು, ನಾನು ಹಾಜರಿ ಪುಸ್ತಕ ಹಿಡಿದು ಹಿಂದೆ. ಕಳೆ ಕೀಳುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಕೇಳುತ್ತಿದ್ದರು, "ಮಾಸ್ತರನ್ನ ಸಾಲಿಗೆ ಬಿಡಾಕ ಹೊಂಟೀಯೇನವಾ? ಅಳಾಕತ್ಯಾನೇನು?"

ಒಂದು ದಿನ ಶರಣಮ್ಮ ಕೋಲನ್ನು ಮೂಲೆಗೆ ಎಸೆದಳು. "ಇನ್ನ ನನ್ನ ಕೈಲಿ ಆಗಂಗಿಲ್ರೀ. ಹದಿನೈದು ದಿನದಾಗ ಈ ಅಂಜಿಕಿ ಬಿಡ್ರಿ, ಇಲ್ಲಾಂದ್ರ ನಾ ಮಸ್ಕಿಗೆ ನಮ್ಮವ್ವನ ಮನಿಗೆ ಹೋಗ್ತೀನಿ. ಆಮ್ಯಾಲೆ ನಿಮ್ಮನ್ನ ಸಾಲಿಗೆ ಯಾರು ಕರ್ಕೊಂಡು ಹೋಗ್ತಾರೋ ನೋಡೂಣು!"

ಪರಿಸ್ಥಿತಿ ಗಂಭೀರವಾಯಿತು. ಅದನ್ನು ಬಗೆಹರಿಸಿದವನು ಪಕ್ಕದ ಮನೆಯ ರೈತ ಅಮರಪ್ಪ.

"ಮಾಸ್ತರ, ನಮ್ಮ ಎತ್ತು ಟ್ಯಾಕ್ಟರ್ ಕಂಡ್ರ ಹಗ್ಗ ಹರ್ಕೊಂಡು ಓಡ್ತಿತ್ತು" ಎಂದ. "ನಾ ಏನ್ ಮಾಡಿದೆ? ಮೊದಲ್ನೇ ದಿನ ಟ್ಯಾಕ್ಟರಿಂದ ಭಾಳ ದೂರ ಕಟ್ಟಿದೆ. ಮರುದಿನ ಒಂದೀಟು ಹತ್ತರ. ಹಿಂಗ ದಿನಾ ಒಂದೀಟು. ಅಂಜಲಿಲ್ಲಾಂದ್ರ ಒಂದು ಹಿಡಿ ಹಿಂಡಿ ತಿನಸೂದು. ಈಗ ನೋಡ್ರಿ, ಟ್ಯಾಕ್ಟರಿಗೆ ಮೈ ತಿಕ್ಕಾಕತ್ತೈತಿ! ಎತ್ತಿನ ಅಂಜಿಕಿ, ಮಾಸ್ತರನ ಅಂಜಿಕಿ, ಎಲ್ಲಾ ಒಂದ."

ಶರಣಮ್ಮ ಬಹಳ ಗಮನವಿಟ್ಟು ಕೇಳಿದಳು. "ಹಗ್ಗ ಬೇಕಾಕ್ಕೈತೇನಣ್ಣಾ?" ಎಂದಳು.

ಹಗ್ಗವಿಲ್ಲದೆಯೇ ಚಿಕಿತ್ಸೆ ಶುರುವಾಯಿತು. ಶರಣಮ್ಮ ಗದ್ದೆಯಿಂದ ಒಂದು ಕಪ್ಪೆ ಹಿಡಿದು ಗಾಜಿನ ಭರಣಿಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಅಂಗಳದಲ್ಲಿಟ್ಟಳು. ನಾನು ಪಡಸಾಲೆಯ ಕಂಬ ಅಪ್ಪಿಕೊಂಡು ಅದನ್ನು ನೋಡಬೇಕು. ಮರುದಿನ ಕಂಬ ಬಿಡಬೇಕು. ಆಮೇಲೆ ದಿನಕ್ಕೆ ಎರಡು ಹೆಜ್ಜೆ. ಓಡಿಹೋಗದೆ ಕುಳಿತರೆ ಹಿಂಡಿಯ ಬದಲು ಒಂದು ಶೇಂಗಾ ಉಂಡಿ! ಮೂರನೆಯ ದಿನ ಕಪ್ಪೆ ಕಣ್ಣು ಮಿಟುಕಿಸಿತೆಂದು ನಾನು ಬೀದಿಯವರೆಗೆ ಓಡಿದೆ. ಆ ದಿನ ಉಂಡಿ ಇಲ್ಲ.

ಆದರೂ ಮದ್ದು ನಾಟಿತು. ಹನ್ನೆರಡನೆಯ ದಿನ ಭರಣಿಯ ಪಕ್ಕದಲ್ಲೇ ಕುಳಿತು ರೊಟ್ಟಿ ತಿಂದೆ. ಹದಿಮೂರನೆಯ ದಿನ ಕಪ್ಪೆಯ ಬೆನ್ನನ್ನು ಒಂದು ಬೆರಳಿನಿಂದ ಮುಟ್ಟಿದೆ. ಅದು ಗಂಟಲು ಅಲ್ಲಾಡಿಸಿತು, ನಾನೂ ಅಲ್ಲಾಡಿಸಿದೆ. ಹದಿನಾಲ್ಕನೆಯ ದಿನ ಅದು ನನ್ನ ಅಂಗೈ ಮೇಲೆ ಕುಳಿತಿತು! ಶರಣಮ್ಮನ ಕಣ್ಣಲ್ಲಿ ನೀರು ಬಂತು. ಅಮರಪ್ಪ, "ಎತ್ತಿಗಿಂತ ಒಂದು ದಿನ ಮದ್ಲ!" ಎಂದು ಬೆನ್ನು ಚಪ್ಪರಿಸಿದ. ಜೀವನದಲ್ಲಿ ಅಂಥ ಪ್ರಶಸ್ತಿ ನನಗೆ ಮತ್ತೆ ಸಿಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮರುದಿನ ಶಾಲೆ ನೋಡಲು ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಜೀವಂತ ಕಪ್ಪೆಯನ್ನೇ ತೋರಿಸಿ ಪಾಠ ಮಾಡಿ ಅವರನ್ನು ಬೆರಗುಗೊಳಿಸಬೇಕೆಂದು ನಾನು ನಿರ್ಧರಿಸಿದೆ.

ಸಾಹೇಬರು ಬಂದರು. ದಪ್ಪ ದೇಹ, ಕರಿ ಕೋಟು, ಗುಡುಗಿನಂಥ ದನಿ. ಮಕ್ಕಳು ಉಸಿರು ಬಿಗಿಹಿಡಿದು ಕುಳಿತರು. ನಾನು ಭರಣಿ ಹೊರತೆಗೆದಾಗ ಸಾಹೇಬರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಚೆನ್ನಾಗಿ ಕಾಣಲೆಂದು ಸರಿದರು ಅಂದುಕೊಂಡೆ. ಕಪ್ಪೆಯನ್ನು ಅಂಗೈ ಮೇಲಿಟ್ಟೆ. ಸಾಹೇಬರು ಇನ್ನೂ ಸರಿದರು. ನಾನು ಅವರ ಮುಂದೆಯೇ ಹೋಗಿ ನಿಂತೆ.

"ಮಕ್ಕಳೇ, ಭಯವೆಂಬುದು ಅಜ್ಞಾನದಿಂದ ಹುಟ್ಟುತ್ತದೆ!" ಎಂದೆ.

ಕಪ್ಪೆ ಹಾರಿ ಸಾಹೇಬರ ತೊಡೆಯ ಮೇಲೆ ಕುಳಿತಿತು. ಸಾಹೇಬರು ಮೇಜಿನ ಮೇಲಿದ್ದರು! ಹತ್ತಿದ್ದನ್ನು ಯಾರೂ ನೋಡಲಿಲ್ಲ. ಅಷ್ಟು ದಪ್ಪದ ಮನುಷ್ಯ ಅಷ್ಟು ಬೇಗ ಹತ್ತಿದ್ದನ್ನು ನಾನು ಇವತ್ತಿಗೂ ನಂಬಲಾರೆ. ಕಪ್ಪೆ ಕಿಟಕಿ ದಾಟಿ ಗದ್ದೆಗೆ ಹೋಯಿತು.

ಹದಿನಾಲ್ಕು ದಿನದ ಗೆಳೆಯ! ನನಗೆ ತಡೆಯಲಾಗಲಿಲ್ಲ. "ಹೋಗ್ರಲೇ, ಹಿಡ್ಕೊಂಡು ಬರ್ರಿ!" ಎಂದು ಕೂಗಿದೆ.

ಇಡೀ ತರಗತಿ ಹೋ ಎಂದು ಓಡಿತು. ಮಾಸ್ತರರ ಆಜ್ಞೆಯನ್ನು ಅವರು ಅಷ್ಟು ಸಂತೋಷದಿಂದ ಪಾಲಿಸಿದ್ದು ಅದೊಂದೇ ಸಲ. ಸ್ವಲ್ಪ ಹೊತ್ತಿಗೆ ಮೂವತ್ತು ಮಕ್ಕಳೂ ಮರಳಿ ಬಂದರು, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಕಪ್ಪೆ!

"ಇದಾ ಏನ್ರೀ ಸರ?"

"ಅದಲ್ರೀ ಸರ, ನಂದಾ ಖರೇದು!"

"ಸರ, ನಾ ಎರಡು ತಂದೀನ್ರಿ!"

ಗುರುತಿಸಲಿ ಎಂದು ಎಲ್ಲವನ್ನೂ ನನ್ನ ಪಾದದ ಬಳಿ ಬಿಟ್ಟರು. ಆಗ ನನಗೊಂದು ಸತ್ಯ ಹೊಳೆಯಿತು. ನನ್ನ ಭಯ ಹೋಗಿದ್ದು ಆ ಒಂದು ಕಪ್ಪೆಗೆ ಮಾತ್ರ. ಇವೆಲ್ಲ ಅಪರಿಚಿತರು!

ಮುಂದಿನ ಕ್ಷಣ ನಾನೂ ಮೇಜಿನ ಮೇಲೆ, ಸಾಹೇಬರ ಪಕ್ಕದಲ್ಲಿ.

"ನಿಮಗೂ ಅಂಜಿಕಿ ಐತಿ?" ಸಾಹೇಬರು ಪಿಸುಗುಟ್ಟಿದರು.

"ಹೌದ್ರೀ ಸಾಹೇಬ್ರ."

"ಮತ್ತ ಕೈಯಾಗ ಹಿಡಿದಿದ್ರಲ್ಲ?"

"ಅದು ಪರಿಚಯದ್ದುರೀ."

ನಾವಿಬ್ಬರೂ ಕಣ್ಣು ಮುಚ್ಚಿಕೊಂಡು ಎಷ್ಟು ಹೊತ್ತು ಹಾಗೆ ನಿಂತೆವೋ ತಿಳಿಯದು. ಕೊನೆಗೆ ದೂರದಲ್ಲಿ ಸಿಂಧನೂರು ಬಸ್ಸಿನ ಹಾರ್ನ್ ಕೇಳಿತು. ಅದು ತಪ್ಪಿದರೆ ಸಾಹೇಬರಿಗೆ ಈ ಕಪ್ಪೆಗಳ ಊರಿನಲ್ಲೇ ರಾತ್ರಿ ವಸ್ತಿ. ಅವರು ನನ್ನ ಕೈ ಹಿಡಿದರು. "ಮಾಸ್ತರ, ಕಣ್ಣು ತೆರಿಬ್ಯಾಡ್ರಿ. ನಡೀರಿ!" ಎಂದರು.

ಇಳಿದೆವು. ಮೂವತ್ತೊಂದು ಕಪ್ಪೆಗಳ ನಡುವೆ, ಕಣ್ಣು ಮುಚ್ಚಿ, ಕೈ ಕೈ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟೆವು. ನಡುವೆ ನನ್ನ ಕಾಲಿಗೆ ತಣ್ಣಗೆ, ಮೆತ್ತಗೆ ಏನೋ ಸಿಕ್ಕಿತು. ಜೀವ ಬಾಯಿಗೆ ಬಂತು. ಆದರೂ ನಿಲ್ಲಲಿಲ್ಲ! ಬಾಗಿಲು ದಾಟಿದಾಗ ಸಾಹೇಬರು ಬೆವರು ಒರೆಸಿಕೊಂಡು, "ಗೆದ್ವಿ ಮಾಸ್ತರ!" ಎಂದು ನನ್ನನ್ನು ಅಪ್ಪಿಕೊಂಡರು. ಬಸ್ಸು ಕಣ್ಮರೆಯಾಗುವವರೆಗೂ ಕಿಟಕಿಯಿಂದ ಕೈ ಬೀಸಿದರು.

ನಾನು ಎದೆಯುಬ್ಬಿಸಿ ಮನೆಗೆ ಬಂದೆ. "ಶರಣೀ, ಇವತ್ತ ಮೂವತ್ತೊಂದು ಕಪ್ಪಿ ನಡುವ ನಡದು ಬಂದೀನಿ! ಒಂದನ್ನಂತೂ ತುಳಿದಾ ಬಿಟ್ಟೆ!"

ಶರಣಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ನೀವು ತುಳಿದಿದ್ದು ಪಾಟಿ ಒರಸೋ ಹಸಿ ಬಟ್ಟಿ ಅಂತ್ರೀ. ಹುಡುಗೂರು ಆಗ್ಲೇ ಬಂದು ಹೇಳಿ ಹೋಗ್ಯಾರ. ನೀವು ಮೇಜಿನ ಮ್ಯಾಲೆ ಇದ್ದಾಗಾ ಅವರು ಎಲ್ಲಾ ಕಪ್ಪಿ ಒಯ್ದು ಗದ್ದಿಗೆ ಬಿಟ್ಟು ಬಂದಿದ್ರಂತ."

"ಮತ್ತ ನಮಗ ಯಾಕ ಹೇಳ್ಲಿಲ್ಲ?"

"ಹೇಳಬೇಕಂತ ಬಂದ್ರಂತ್ರೀ. ಆದ್ರ ನೀವಿಬ್ರೂ ಕೈ ಹಿಡ್ಕೊಂಡು, ಕಣ್ಣು ಮುಚ್ಕೊಂಡು ಬರೂದು ಭಾಳ ಛಂದ ಇತ್ತಂತ. ಅದಕ್ಕ ಸುಮ್ನಾದ್ರಂತ!"