ಭರಣಿಯ ಮೇಲೆ ಕೂತು ದಾರೂಬಂದಿಯ ಮಾತು

"ದ್ರಾಕ್ಷಾಸವಾ ಮಾಡೂದಂದ್ರ ಏನು ಮಹಾ! ದ್ರಾಕ್ಷಿ ಅದ, ಬೆಲ್ಲಾ ಅದ, ಭರಣಿ ಅದ. ಎಲ್ಲಾಕ್ಕಿಂತಾ ಹೆಚ್ಚಿಗೆ, ನಾ ಇದ್ದೀನಿ!"

೧೯೫೪ರ ಫಾಲ್ಗುಣ ಮಾಸದ ಒಂದು ಸಂಜೆ, ಬಾಗಲಕೋಟೆಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ಸಭೆಯಲ್ಲಿ ಇದ್ದವರು ಇಬ್ಬರೇ. ದೇವರ ಮುಂದೆ ಹೂಬತ್ತಿ ಹೊಸೆಯುತ್ತಿದ್ದ ನನ್ನ ತಾಯಿ ಅನಸೂಯಾಬಾಯಿ, ಗೋಡೆಗೆ ಒರಗಿ ಕೌದಿ ಹೊದ್ದು ಕೂತಿದ್ದ ನನ್ನ ಹೆಂಡತಿ ಕುಮುದಿನಿ.

"ಶವಾ?" ಎಂದು ಅವ್ವ ಬತ್ತಿ ಕೆಳಗಿಟ್ಟಳು. "ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತಾಡ್ತೀಯೋ ವಾಸೂ!"

"ಶವ ಅಲ್ಲವ್ವಾ, ಆಸವ! ಔಷಧ! ವೈದ್ಯರು ಹೇಳ್ಯಾರ."

"ಮನ್ನೆ ಇವರು ಚಹಾ ಮಾಡಿದ್ರು," ಎಂದಳು ಕುಮುದಿನಿ ಸಣ್ಣ ದನಿಯಲ್ಲಿ. "ಆ ಪಾತೇಲಿ ಇನ್ನೂ ನೀರಾಗ ನೆನೀಲಿಕ್ಕೆ ಹತ್ತದ."

ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನು ಸಿಟ್ಟಾಗುತ್ತಿದ್ದೆ. ಅಂದು ಆಗಲಿಲ್ಲ. ಎರಡು ತಿಂಗಳಲ್ಲಿ ಅವಳು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು.

ಟೈಫಾಯ್ಡ್ ಜ್ವರ ಅವಳನ್ನು ನಲವತ್ತು ದಿನ ಹಿಡಿದು, ಬಿಡುವಾಗ ಹಸಿವನ್ನೂ ನಗುವನ್ನೂ ಕೂದಲನ್ನೂ ಗಂಟುಕಟ್ಟಿಕೊಂಡು ಹೋಗಿತ್ತು. ಸೊಂಟಕ್ಕೆ ಬಡಿಯುತ್ತಿದ್ದ ಜಡೆ ಅವಳದು. ಜ್ವರದಲ್ಲಿ ಉದುರಿದ್ದು ಉದುರಿ, ಉಳಿದದ್ದನ್ನು ಡಾಕ್ಟರು ಕತ್ತರಿಸಿ ಹಾಕಿಸಿದ್ದರು. ಈಗ ಎರಡು ಬೆರಳಷ್ಟು ಚಿಗುರಿತ್ತು. ಅದನ್ನು ಯಾರೂ ನೋಡಬಾರದೆಂದು ಅವಳು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಿರುತ್ತಿದ್ದಳು. ಬಾಗಿಲು ಸಪ್ಪಳವಾದರೆ ಸಾಕು, ಒಳಗೆ ಎದ್ದು ಹೋಗುತ್ತಿದ್ದಳು. ತಾಟಿನಲ್ಲಿ ಹಾಕಿದ ಅರ್ಧ ರೊಟ್ಟಿ ಹಾಗೇ ಆಕಳಿನ ಪಾಲಾಗುತ್ತಿತ್ತು. ನಾನು ನಗೆಚಾಟಿಕೆ ಮಾಡಿದರೆ, ಪಾಪ, ನನ್ನ ಮನಸ್ಸು ನೋಯಬಾರದೆಂದು ತುಟಿ ಅಗಲಿಸುತ್ತಿದ್ದಳು. ಅದನ್ನು ನೋಡಿದಾಗ ನನಗೆ ಇನ್ನಷ್ಟು ಸಂಕಟವಾಗುತ್ತಿತ್ತು.

ವೈದ್ಯರು ನಾಡಿ ನೋಡಿ, "ದ್ರಾಕ್ಷಾಸವ ಕೊಡ್ರಿ, ಹಸಿವಿ ಹುಟ್ಟತದ" ಎಂದರು. ಪುಣೆಯಿಂದ ಬರುವ ಬಾಟಲಿಯ ಬೆಲೆ ಕೇಳಿದೆ. ನನಗೇ ಜ್ವರ ಬಂದ ಹಾಗಾಯಿತು!

ಆದರೆ ನಾನು ಯಾರು? ಹೈಸ್ಕೂಲಿನ ಸೈನ್ಸ್ ಮಾಸ್ತರ! ಧಾರವಾಡದ ಬಿ.ಎಸ್ಸಿ.! ದ್ರಾಕ್ಷಿಯ ಸಕ್ಕರೆ ಹುದುಗಿ ಮದ್ಯವಾಗುವ ಪಾಠವನ್ನು ನಾನು ಹೇಳತೊಡಗಿದರೆ ಹಿಂದಿನ ಬಾಕಿನ ಹುಡುಗರು ಅದರ ವಾಸನೆಗೇ ತೂಕಡಿಸುತ್ತಿದ್ದರು. (ಅದು ವಾಸನೆಗಲ್ಲ ಎಂದು ಹೆಡ್‌ಮಾಸ್ತರರ ಅಭಿಪ್ರಾಯ. ಇರಲಿ.)

ಒಂದೇ ತೊಡಕು. ಆಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಪಾನನಿರೋಧ ಕಾಯಿದೆ, ಜನರ ಬಾಯಲ್ಲಿ ದಾರೂಬಂದಿ, ಎಷ್ಟು ಕಡಕೆಂದರೆ, ಹುಳಿ ಮಜ್ಜಿಗೆ ಕುಡಿದವನು ಕೂಡ ಪೊಲೀಸ್ ಫೌಜದಾರರು ಎದುರು ಬಂದರೆ ಉಸಿರು ಬಿಗಿಹಿಡಿದು ನಡೆಯುತ್ತಿದ್ದ! ಚೀಟಿ ಅಂಟಿಸಿದ ಬಾಟಲಿಯಲ್ಲಿದ್ದರೆ ಅದು ಔಷಧ. ಮಾಸ್ತರನ ಭರಣಿಯಲ್ಲಿದ್ದರೆ? ಈ ಪ್ರಶ್ನೆಯನ್ನು ನಾನು ಮನೆಯಲ್ಲಿ ಎತ್ತಲಿಲ್ಲ.

ಮರುದಿನ ಪೇಟೆಗೆ ಹೋದೆ. ಕಲಾದಗಿಯಿಂದ ಹಣ್ಣು ತಂದು ಮಾರುವ ಜಾಫರಸಾಬನ ಬುಟ್ಟಿಯ ತಳದಲ್ಲಿ ಕರಿ ದ್ರಾಕ್ಷಿ ಉಳಿದಿದ್ದವು. ಎಲ್ಲವನ್ನೂ ಕೊಡು ಎಂದೆ.

"ಇವು ತಿನ್ನಾಕ ಬರಂಗಿಲ್ರಿ ಮಾಸ್ತರ್ರ, ಹಿಚಕ್ಯಾವು."

"ತಿನ್ನಲಿಕ್ಕೆ ಅಲ್ಲಪಾ."

ತಕ್ಕಡಿ ಹಿಡಿದ ಅವನ ಕೈ ಗಾಳಿಯಲ್ಲೇ ನಿಂತಿತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ನಾ ಏನೂ ಕೇಳಿಲ್ರಿ," ಎಂದು ಪಿಸುಗುಟ್ಟಿದ.

"ಅಯ್ಯೋ, ಔಷಧಕ್ಕ ಮಾರಾಯಾ! ಔಷಧಕ್ಕ!"

"ಹೌದ್ರಿ, ಹೌದ್ರಿ. ಎಲ್ಲಾರೂ ಔಷಧಕ್ಕನ ಅಂತಾರ್ರಿ."

ನಾನು ಬೇಡವೆಂದರೂ ಕೇಳದೆ, ದ್ರಾಕ್ಷಿಯ ಮೇಲೆ ಬೇವಿನ ಸೊಪ್ಪು ಮುಚ್ಚಿ, ಕಳವಿನ ಮಾಲು ದಾಟಿಸುವವನ ಹಾಗೆ ನನ್ನ ಚೀಲಕ್ಕೆ ತುಂಬಿದ. ಮನೆಯವರೆಗೂ ಎಲ್ಲರ ಕಣ್ಣು ಆ ಚೀಲದ ಮೇಲೇ ಇದ್ದಂತೆ ನನಗೆ ಭಾಸವಾಯಿತು.

ಅವ್ವ ಉಪ್ಪಿನಕಾಯಿಯ ದೊಡ್ಡ ಭರಣಿ ಕೊಟ್ಟಳು. ಮೊಣಕಾಲೆತ್ತರದ ಚೀನಿ ಭರಣಿ, ಅಜ್ಜಿಯ ಕಾಲದ್ದು. ಷರತ್ತು ಒಂದೇ: "ಅಡಗಿಮನಿ ಹೊಸ್ತಿಲಾ ಮಾತ್ರ ಅದು ದಾಟಬಾರದು. ನನ್ನ ಮಡಿಗೆ ಅಡ್ಡ ಬರಬಾರದು."

ದ್ರಾಕ್ಷಿ ಹಿಚುಕಿ, ಬೆಲ್ಲ ಕೂಡಿಸಿ, ಭರಣಿಯನ್ನು ಪಡಸಾಲೆಯ ಮೂಲೆಯಲ್ಲಿ ಸ್ಥಾಪಿಸಿದೆ. ಬೆಚ್ಚಗಿರಲೆಂದು ನನ್ನ ಕೌದಿಯನ್ನೇ ಹೊದಿಸಿದೆ. ಯಾರಾದರೂ ನೋಡಿದರೆ ಊರಿಂದ ಬಂದ ಕುಳ್ಳ ನೆಂಟರೊಬ್ಬರು ಮುಸುಕು ಹಾಕಿ ಕೂತಿದ್ದಾರೆ ಎನ್ನಬೇಕು!

ಇಟ್ಟದ್ದೇನೋ ಆಯಿತು, ಬಿಟ್ಟಿರಲು ಆಗಬೇಕಲ್ಲ? ಸಾಲೆಗೆ ಹೋಗುವ ಮೊದಲು ಮುಚ್ಚಳ ತೆಗೆದು ನೋಡಿದೆ. ಬಂದ ಮೇಲೆ ನೋಡಿದೆ. ಕೈ ತೊಳೆಯಲು ಹೋಗುವಾಗ ಒಮ್ಮೆ, ತೊಳೆದು ಬರುವಾಗ ಒಮ್ಮೆ. ಒಂದು ವಾರ ಹೀಗೇ ನಡೆಯಿತು.

"ಹಿಂಗ ಗಳಿಗಿಗೊಮ್ಮೆ ಇಣಿಕಿ ನೋಡಿದ್ರ ಅದಕ್ಕ ನಾಚಿಕಿ ಆಗೂದಿಲ್ಲೇನ್ರಿ?" ಎಂದಳು ಕುಮುದಿನಿ.

ಮಾತು ನಾಟಿತು. ಅಂದೇ ಮುಚ್ಚಳಕ್ಕೆ ಅರಿವೆ ಸುತ್ತಿ, ಜೇಡಿಮಣ್ಣು ಮೆತ್ತಿ, ಹಗ್ಗದಿಂದ ಬಿಗಿದು ಕಟ್ಟಿದೆ. ಇರುವೆಯ ಉಸಿರೂ ದಾಟದ ಹಾಗೆ!

ಆಮೇಲೆ ಭರಣಿ ಮಾತಾಡತೊಡಗಿತು. ಗುಳುಗುಳು ಅನ್ನುವುದು, ಸುಮ್ಮನಾಗುವುದು, ಮತ್ತೆ ಬುಸ್ ಎಂದು ನಿಟ್ಟುಸಿರು ಬಿಡುವುದು. ಅವ್ವ ಎರಡು ದಿನ ಹಾವು ಹೊಕ್ಕಿದೆ ಎಂದು ಕೋಲು ಹಿಡಿದು ಓಡಾಡಿದಳು. ನಾನೊಂದು ದಿನ ಸಾಲೆಯಿಂದ ಬೇಗ ಬಂದೆ. ಪಡಸಾಲೆಯಲ್ಲಿ ಕುಮುದಿನಿ ಮೊಣಕಾಲೂರಿ ಕೂತು, ಕೌದಿಯ ಸಂದಿಯಿಂದ ಭರಣಿಗೆ ಕಿವಿ ಹಚ್ಚಿದ್ದಳು. ಸೆರಗು ಜಾರಿತ್ತು. ಗಿಡ್ಡ ಕೂದಲು ಎಲ್ಲ ದಿಕ್ಕಿಗೂ ನಿಂತು, ಮುಂಜಿವೆ ಆದ ಹೊಸದರಲ್ಲಿ ನನ್ನ ತಲೆ ಇದ್ದ ಹಾಗೇ ಇತ್ತು. ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಸದ್ದಿಲ್ಲದೆ ಹಿಂದಕ್ಕೆ ಸರಿದು, ಅಂಗಳದಿಂದಲೇ ಜೋರಾಗಿ ಕೆಮ್ಮಿ, ಮತ್ತೆ ಒಳಗೆ ಬಂದೆ. ಅಷ್ಟರಲ್ಲಿ ಸೆರಗು ಹುಬ್ಬಿಗೆ ಬಂದಿತ್ತು.

"ಇವತ್ತ ಮೂರು ಸಲಾ ಮಾತಾಡ್ತ್ರಿ," ಎಂದು ವರದಿ ಕೊಟ್ಟಳು.

ಮುಂದಿನ ರವಿವಾರ ಮಧ್ಯಾಹ್ನ ಊಟ ಮಾಡಿ ಕೂತಿದ್ದೆ. ಬಾಗಿಲಲ್ಲಿ ಬೂಟಿನ ಸಪ್ಪಳ. ಕುಮುದಿನಿ ಒಳಗೆ ಓಡಿದಳು. ನನಗೂ ಅವಳ ಹಿಂದೆ ಓಡಬೇಕೆನಿಸಿತು. ಯಾಕೆಂದರೆ ಬಂದವರು ಫೌಜದಾರ ಅಮಸಿದ್ದಪ್ಪನವರು! ಹಿಂದಿನ ಓಣಿಯಲ್ಲೇ ಅವರ ಮನೆ. ಆರಡಿ ಆಳು, ಅರ್ಧ ಅಡಿ ಮೀಸೆ. ತಾಲೂಕಿನ ಕಳ್ಳಭಟ್ಟಿಗಳನ್ನೆಲ್ಲ ಬರೀ ಮೂಗಿನಿಂದ ಹುಡುಕಿದವರೆಂದು ಹೆಸರು.

ಜಾಫರಸಾಬ ಹೇಳಿಬಿಟ್ಟನೇ?

"ನಮಸ್ಕಾರ್ರಿ ಮಾಸ್ತರ್ರ. ಒಂದು ಕೆಲಸದ ಮ್ಯಾಲೆ ಬಂದೇನ್ರಿ," ಎಂದವರು ಕೂರಲು ಸುತ್ತ ನೋಡಿದರು. ಕೌದಿ ಹೊದ್ದ ಭರಣಿ ಅವರಿಗೆ ಸ್ಟೂಲಿನಂತೆ ಕಂಡಿರಬೇಕು. ಆ ಕಡೆ ಎರಡು ಹೆಜ್ಜೆ ಹಾಕಿದರು.

"ಅಲ್ಲಿ ಬ್ಯಾಡ್ರಿ!" ಎಂದು ಚೀರಿ, ಹಾರಿ, ನಾನೇ ಅದರ ಮೇಲೆ ಕೂತೆ. "ನೀವು... ನೀವು ಕುರ್ಚಿ ಮ್ಯಾಲೆ ಕೂಡ್ರಿ. ದೊಡ್ಡವರು!"

ಮನೆಗಿದ್ದದ್ದು ಒಂದೇ ಕುರ್ಚಿ. ಅದರಲ್ಲಿ ಕೂತು ಅವರು ಟೊಪ್ಪಿಗೆ ತೆಗೆದರು.

"ಏನಿಲ್ರಿ, ಬರೂ ವಾರ ದಾರೂಬಂದಿ ಸಪ್ತಾಹ ಐತಿ. ಕುಡಿತದಿಂದ ಏನೇನು ಹಾನಿ ಆಕ್ಕಾವು ಅಂತ ಯಾರರೆ ಭಾಷಣಾ ಮಾಡಬೇಕ್ರಿ. ನಿಮ್ಮಂಥಾ, ಹನಿ ಸೈತ ಮುಟ್ಟದವರು ಹೇಳಿದ್ರ ಜನಾ ಕೇಳ್ತಾರ್ರಿ."

ಬುಸ್ಸ್! ಎಂದಿತು ನನ್ನ ಕೆಳಗೆ.

ನಾನು ಕೆಮ್ಮಿದೆ.

"ದಾರೂ ಅಂದ್ರ ವಿಷಾ ರೀ," ಎಂದೆ ಗಟ್ಟಿಯಾಗಿ.

"ಹೌದ್ರಿ. ಮನಿ ಮನಿ ಹಾಳಾಗ್ಯಾವು."

ಗುಳು ಗುಳು ಗುಳು!

"ಹೊಟ್ಟಿ ಸರೀ ಇಲ್ಲೇನ್ರಿ ಮಾಸ್ತರ್ರ?"

"ಸ್ವಲ್ಪ... ಗಾಳಿ ತುಂಬ್ಯದ್ರಿ!"

ಆ ಮಾತು ಬಾಯಿಂದ ಬಿದ್ದ ಕ್ಷಣವೇ ನನಗೆ ಜ್ಞಾನೋದಯವಾಯಿತು. ಗಾಳಿ! ಹುದುಗುವಾಗ ಗಾಳಿ ಹುಟ್ಟುತ್ತದೆ; ಅದು ಹೊರಗೆ ಹೋಗಲು ನಳಿಕೆ ಇಡಬೇಕು, ಇಲ್ಲದಿದ್ದರೆ ಪಾತ್ರೆ ಸಿಡಿಯುತ್ತದೆ! ಆರು ವರ್ಷದಿಂದ ಕರಿಹಲಗೆಯ ಮೇಲೆ ಚಿತ್ರ ಬರೆದು, ಹುಡುಗರಿಗೆ ಛಡಿ ತೋರಿಸಿ ಇದನ್ನು ಕಲಿಸಿದವನು ನಾನೇ!

ಕೆಳಗಿನಿಂದ ಮುಚ್ಚಳ ನನ್ನನ್ನು ಮೆಲ್ಲಗೆ ಎತ್ತತೊಡಗಿತು. ನಾನು ಇನ್ನಷ್ಟು ಭಾರವಾಗಲು ಪ್ರಯತ್ನಿಸಿದೆ. ಒಳಗೆ ಏನೋ ತಿಳಿದಿರಬೇಕು, ಕುಮುದಿನಿ ಒಮ್ಮೆಲೇ ಖಾರ ಕುಟ್ಟತೊಡಗಿದಳು, ಧಡ್ ಧಡ್ ಧಡ್! ಅವ್ವ ಎಂದೂ ಇಲ್ಲದ ಏರುದನಿಯಲ್ಲಿ ವಿಷ್ಣುಸಹಸ್ರನಾಮ ಎತ್ತಿಕೊಂಡಳು.

"ಏನ್ರಿ, ಮನ್ಯಾಗ ಏನರೆ ಕಾರ್ಯ..." ಎಂದು ಫೌಜದಾರರು ಬಾಯಿ ತೆರೆದರು.

ಢಂ!!

ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ನಾನು ಫೌಜದಾರರ ಪಾದದ ಬಳಿ ಬಿದ್ದಿದ್ದೆ. ಮುಚ್ಚಳ ತೊಲೆಗೆ ಬಡಿದು ಮೂಲೆಗೆ ಉರುಳಿತು. ಜಂತಿಯಿಂದ ಕೆನ್ನೇರಳೆ ಮಳೆ ಸುರಿಯಿತು. ಗೋಡೆ, ಗಡಿಯಾರ, ಗಣಪತಿಯ ಪಟ, ಎಲ್ಲಕ್ಕೂ ಒಂದೇ ಬಣ್ಣ. ನನ್ನ ಬೋಳಾಗುತ್ತಿದ್ದ ತಲೆಯ ಮೇಲೆ ದ್ರಾಕ್ಷಿಯ ಸಿಪ್ಪೆಗಳು ಗಿರಕಿ ಹೊಡೆದು ಕೂತವು. ಫೌಜದಾರರ ಮೀಸೆಯ ಎರಡೂ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು.

ಸಹಸ್ರನಾಮ ನಿಂತಿತು. ಕುಟ್ಟುವುದು ನಿಂತಿತು. ಇಬ್ಬರೂ ಬಾಗಿಲಿಗೆ ಬಂದರು.

"ಮಾಸ್ತರ್ರ," ಎಂದರು ಫೌಜದಾರರು ಬಹಳ ನಿಧಾನವಾಗಿ, "ಏನ್ರಿ ಇದು?"

ನನ್ನ ಕಣ್ಣ ಮುಂದೆ ಬೇಡಿ ಬಂತು. ನೌಕರಿ ಹೋಯಿತು. ಕುಮುದಿನಿಯ ಔಷಧಕ್ಕೆಂದು ಹೊರಟು, ಈ ಸ್ಥಿತಿಯಲ್ಲಿ ಅವಳನ್ನು ಬಿಟ್ಟು ಜೇಲಿಗೆ ಹೋಗಬೇಕಲ್ಲ! ಬಾಯಿ ತೆರೆದೆ. ಮಾತಿನ ಬದಲು ಒಂದು ದ್ರಾಕ್ಷಿಬೀಜ ಹೊರಬಿತ್ತು.

ಆಗ ಅವ್ವ ಮುಂದೆ ಬಂದಳು. ಏಕಾದಶಿಯ ದಿನ ತಪ್ಪಿ ನೀರು ಕುಡಿದರೆ ಊರಿಗೆಲ್ಲ ಹೇಳಿ ಪ್ರಾಯಶ್ಚಿತ್ತ ಮಾಡಿಕೊಳ್ಳುವವಳು ನನ್ನವ್ವ. ಹುಟ್ಟಿದಾಗಿನಿಂದ ಸುಳ್ಳಾಡಿದವಳಲ್ಲ. ಮಡಿಸೀರೆಯ ಸೆರಗು ಬಿಗಿದು, ಫೌಜದಾರರನ್ನು ನೇರವಾಗಿ ನೋಡಿ ಹೇಳಿದಳು:

"ಉಪ್ಪಿನಕಾಯಿರಿ. ದ್ರಾಕ್ಷಿ ಉಪ್ಪಿನಕಾಯಿ."

ಫೌಜದಾರರು ಮೀಸೆಯ ತುದಿಯನ್ನು ಬೆರಳಿನಿಂದ ಒರೆಸಿ, ನಾಲಗೆಗೆ ಹಚ್ಚಿಕೊಂಡರು. ಚಪ್ಪರಿಸಿದರು.

"ಉಪ್ಪ ಇಲ್ಲಲ್ರಿ ಅವ್ವಾರ?"

"ಇನ್ನೂ ಹಾಕಬೇಕ್ರಿ!" ಎಂದಳು ಅವ್ವ.

ಕಿಸಕ್ಕೆಂದು ಒಂದು ಸದ್ದು ಬಂತು. ಮತ್ತೊಂದು ಭರಣಿ ಎಲ್ಲಿಂದ ಬಂತಪ್ಪಾ ಎಂದು ತಿರುಗಿ ನೋಡಿದೆ. ಕುಮುದಿನಿ! ಬಾಗಿಲ ಚೌಕಟ್ಟು ಹಿಡಿದು, ಹೊಟ್ಟೆ ಹಿಡಿದು, ಕೊನೆಗೆ ಹೊಸ್ತಿಲ ಮೇಲೆ ಕುಸಿದು ಕೂತು ನಗುತ್ತಿದ್ದಳು. ಸೆರಗು ಎಲ್ಲೋ ಬಿದ್ದಿತ್ತು. ಗಿಡ್ಡ ಕೂದಲು ಪರಪುರುಷನ ಮುಂದೆ ಬಯಲಾಗಿತ್ತು. ಅವಳಿಗೆ ಅದರ ಪರಿವೆಯೇ ಇಲ್ಲ! "ಗಾಳಿ ತುಂಬ್ಯದ ಅಂದ್ರಲ್ರೀ..." ಎನ್ನುವಳು, ನನ್ನ ತಲೆಯ ಮೇಲಿನ ಸಿಪ್ಪೆ ನೋಡುವಳು, ಮತ್ತೆ ನಗುವಳು. ಅವ್ವ ಅವಳನ್ನು ಗದರಿಸಲು ಹೋಗಿ, ಆಗದೆ, ಮಡಿಯಲ್ಲಿದ್ದೇನೆ ಎಂಬುದನ್ನೂ ಮರೆತು ಅವಳ ಪಕ್ಕ ಕೂತು ತಲೆ ಸವರಿದಳು. ಅವ್ವನ ಕಣ್ಣಲ್ಲಿ ನೀರಿತ್ತು. ನನ್ನದರಲ್ಲಿ ದ್ರಾಕ್ಷಾರಸ ಹೋಗಿ ಉರಿಯುತ್ತಿತ್ತು, ಎಂದು ನಾನು ಈಗಲೂ ಹೇಳುತ್ತೇನೆ.

ನಾನು ಎದ್ದು ನಿಂತು, ಟೈಫಾಯ್ಡಿನಿಂದ ಹಿಡಿದು ಜೇಡಿಮಣ್ಣಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. "ನಂದಽ ತಪ್ಪರಿ. ಹಿಡಕೊಂಡು ಹೋಗ್ರಿ," ಎಂದು ಕೈ ಚಾಚಿದೆ.

ಫೌಜದಾರರು ಭರಣಿಗೆ ಬಗ್ಗಿ ಮೂಸಿದರು. ತಾಲೂಕಿಗೇ ಹೆಸರಾದ ಮೂಗು! ನಾವು ಮೂವರೂ ಉಸಿರು ಹಿಡಿದೆವು.

"ಮಾಸ್ತರ್ರ," ಎಂದರು ತಲೆ ಎತ್ತಿ, "ಇಪ್ಪತ್ತು ವರ್ಷ ಆತ್ರಿ ನಾ ದಾರೂ ಹಿಡ್ಯಾಕ ಹತ್ತಿ. ಇದು ದಾರೂ ಅಲ್ರಿ. ಹುಳಿಬಡದ ಬೆಲ್ಲದ ನೀರು. ಇದನ್ನ ಹಿಡಕೊಂಡು ಹೋದ್ರ ನಮ್ಮ ಸಾಹೇಬರು ನನ್ನ ನೌಕರಿ ತಗೀತಾರ!"

"ಅಂದ್ರ... ಭಾಷಣಾ?" ಎಂದು ತೊದಲಿದೆ.

"ಭಾಷಣಾ ನೀವಽ ಮಾಡ್ರಿ. ದಾರೂದಿಂದ ನಿಮ್ಮಷ್ಟು ದೂರ ಇದ್ದವರು ಈ ಜಿಲ್ಲಾದಾಗ ಯಾರೂ ಇಲ್ರಿ. ಮಾಡ್ತೀನಂತ ಹೋದ್ರೂ ಬರ್ಲಿಲ್ಲ!"

ಬಿ.ಎಸ್ಸಿ. ಪದವಿಗೆ ಇದಕ್ಕಿಂತ ದೊಡ್ಡ ಅವಮಾನ ಆಗಿದ್ದಿಲ್ಲ. ಬೇಡಿ ಹಾಕಿದ್ದರೇ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನಿಸಿತು!

ಅವರು ಹೋದ ಮೇಲೆ ನಾನು ಗೋಡೆ ಒರೆಸುತ್ತ ನಿಂತೆ. ಭರಣಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಚೆಲ್ಲಲು ಎತ್ತಿದರೆ ಅವ್ವ ತಡೆದಳು.

"ಉಪ್ಪಿನಕಾಯಿ ಅಂತ ಹೇಳೀನಿ. ನನ್ನ ಮಾತು ಸುಳ್ಳಾಗಬಾರದು. ಒಲಿ ಮ್ಯಾಲೆ ಏರಿದ್ರ ಎಲ್ಲಾ ಶುದ್ಧ," ಎಂದು ಭರಣಿಯನ್ನು ಅಡಿಗೆಮನೆಯ ಹೊಸ್ತಿಲು ದಾಟಿಸಿದಳು. ಉಪ್ಪು, ಖಾರ, ಇಂಗು, ಸಾಸಿವೆ ಬಿದ್ದವು. ಓಣಿಗೆಲ್ಲ ಒಗ್ಗರಣೆಯ ಘಮ.

"ಅತ್ತೀ, ರೊಟ್ಟಿ ಅವೇನ್ರಿ?" ಎಂದಳು ಕುಮುದಿನಿ.

ಅವ್ವ ನನ್ನನ್ನು ನೋಡಿದಳು. ನಾನು ಒರೆಸುವ ಅರಿವೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಒಂದು ರೊಟ್ಟಿ ಆಯಿತು. ಎರಡನೆಯದು ಆಯಿತು. ಬೆರಳು ನೆಕ್ಕಿ ಮೂರನೆಯದಕ್ಕೆ ಕೈ ಚಾಚಿದಳು. ಅವ್ವ ಬಡಿಯುತ್ತಿದ್ದ ರೊಟ್ಟಿಯ ಸದ್ದಿನಷ್ಟು ಇಂಪಾದ ಸಂಗೀತವನ್ನು ನಾನು ಧಾರವಾಡದಲ್ಲೂ ಕೇಳಿಲ್ಲ.

ಮರುದಿನ ಅವ್ವ ಒಂದು ಬಟ್ಟಲು ಉಪ್ಪಿನಕಾಯಿಯನ್ನು ಫೌಜದಾರರ ಮನೆಗೆ ಕೊಟ್ಟಳು. ಸಂಜೆಗೆ ಅವರ ಹೆಂಡತಿ ಸುಂದರವ್ವ ತಾವೇ ಬಟ್ಟಲು ತಿರುಗಿಸಲು ಬಂದರು. ಕುಮುದಿನಿ ಒಳಗೆ ಓಡಲಿಲ್ಲ. ತಾನೇ ಹೋಗಿ ಬಾಗಿಲು ತೆರೆದಳು. ನಾನು ಪಡಸಾಲೆಯಲ್ಲಿ, ದಾರೂಬಂದಿಯ ಭಾಷಣ ಬರೆಯುತ್ತ, ಗಂಭೀರ ಮುಖ ಮಾಡಿ ಕೂತಿದ್ದೆ.

ಸುಂದರವ್ವ ನನ್ನ ಕಡೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕುಮುದಿನಿಗೆ ಹೇಳಿದರು:

"ನಿಮ್ಮ ಮಾಸ್ತರ್ರಿಗೆ ಇನ್ನೊಮ್ಮೆ ದಾರೂ ಮಾಡಾಕ ಹೇಳ್ರಿ ಯಕ್ಕಾ. ಉಪ್ಪಿನಕಾಯಿ ಭಾಳ ಚಲೋ ಆಕ್ಕೈತಿ!"