ನಲ್ಲಿಯ ಬುಡದಲ್ಲಿ ಬೀಡುಬಿಟ್ಟಿರುವ ಡ್ಯಾಂಡೆಲಿಯನ್ ಅವರಿಗೆ

ಮಾನ್ಯರೇ,

ನಮ್ಮ ಮನೆಯಂಗಳದ ನಲ್ಲಿಯ ಬುಡದಲ್ಲಿ ಕಾಲು ಚಾಚಿ ಕುಳಿತು, ಕುಳಿತಲ್ಲಿಂದಲೇ ಇಡೀ ಅಂಗಳವನ್ನು ಆಳುತ್ತಿರುವ ಹಿರಿಯರಾದ ತಮಗೆ, ಕಾಗದಪತ್ರದಲ್ಲಷ್ಟೇ ಆ ಅಂಗಳದ ಒಡೆಯನಾಗಿ ಉಳಿದಿರುವ ನಾನು ನಡುಬಾಗಿ ಮಾಡುವ ನಮಸ್ಕಾರಗಳು. ನಡುಬಾಗಿ ಎಂದದ್ದು ಬರೀ ಮರ್ಯಾದೆಗಲ್ಲ. ತಮ್ಮವರನ್ನು ಕಿತ್ತೂ ಕಿತ್ತೂ ನನ್ನ ಸೊಂಟ ನೆಟ್ಟಗಾಗುವುದನ್ನೇ ಮರೆತಿದೆ. ತಮ್ಮ ಕುಟುಂಬ ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ, ಅಡುಗೆಮನೆಯ ಕಿಟಕಿ ತೆರೆದರೆ ಸಾಕು, ಕಾಣುತ್ತದೆ.

ತಮ್ಮ ಪರಿಚಯವಿಲ್ಲದ ಪುಣ್ಯವಂತರೂ ಈ ಪತ್ರವನ್ನು ಓದಬಹುದಾದ್ದರಿಂದ ಎರಡು ಮಾತು ಹೇಳಬೇಕು. ತಾವು ಹುಲ್ಲಿನ ನಡುವೆ ಎಲೆ ಹಾಸಿಕೊಂಡು ಕೂತು, ಒಂದು ಹಳದಿ ಹೂವನ್ನು ಎತ್ತಿ ಹಿಡಿದು, ಅದು ಮಾಗಿದ ಮೇಲೆ ಬಿಳಿಯ ನವಿರಾದ ಉಂಡೆಯಾಗಿ, ಯಾರಾದರೂ ಹತ್ತಿರದಲ್ಲಿ ಸೀನಿದರೂ ಬೀದಿಯುದ್ದಕ್ಕೂ ಹಾರಿ ಸಂಸಾರ ಹೂಡುವ ಕಳೆ. ಕಳೆ ಎಂದದ್ದಕ್ಕೆ ಕ್ಷಮೆಯಿರಲಿ. ಈಗಿನ ಜನಸಂಖ್ಯೆ ನೋಡಿದರೆ ನಮ್ಮ ಅಂಗಳದಲ್ಲಿ ಬೆಳೆ ತಾವು, ಹುಲ್ಲೇ ಕಳೆ.

ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಗುದ್ದಲಿ ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂದು ಮನೆಯವರ ಮುಂದೆ ಜಂಬ ಕೊಚ್ಚಿಕೊಂಡು, ಮೊದಲ ದಿನವೇ ತಮ್ಮ ಬಂಧುಬಳಗವನ್ನೆಲ್ಲ ಕಚಕಚನೆ ಕಡಿದು ಹಾಕಿದೆ. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತಿತ್ತು. ತಮ್ಮ ಪ್ರಾಣ ಮಾತ್ರ ಬೇರಿನ ತುಂಡುತುಂಡಿನಲ್ಲೂ ಇರುತ್ತದೆಂದು ಆಕೆ ಹೇಳಿರಲಿಲ್ಲ. ನಾನು ಒಬ್ಬರನ್ನು ನಾಲ್ಕು ತುಂಡು ಮಾಡಿದೆ, ತಾವು ನಾಲ್ವರಾಗಿ ಎದ್ದು ಬಂದಿರಿ. ಕಿತ್ತ ಹೂಗಳನ್ನು ಮೂಲೆಯ ಗೊಬ್ಬರದ ಗುಂಡಿಗೆ ಸುರಿದು ಗೆದ್ದೆನೆಂದು ಕೈ ತೊಳೆದುಕೊಂಡೆ. ಸತ್ತ ಮೇಲೂ ಆ ಹೂಗಳು ನಿಧಾನವಾಗಿ ಮಾಗಿ ಬೀಜ ಕಟ್ಟಿದವೆಂಬುದು, ಆ ಗೊಬ್ಬರವನ್ನು ಅಂಗಳಕ್ಕೆಲ್ಲ ಪ್ರೀತಿಯಿಂದ ಹರಡಿದ ಮೇಲೆ ತಿಳಿಯಿತು. ಆಗ ನಮ್ಮ ಅತ್ತೆಯವರು ಬಾಗಿಲಲ್ಲಿ ನಿಂತು, "ಅಳಿಯಂದಿರೇ, ಬೇಜಾರಾಗಬೇಡಿ, ಸುಮ್ನೆ ಕೇಳ್ತೀನಿ. ನೀವು ಇದನ್ನ ಕೀಳ್ತಾ ಇದೀರೋ, ಸಾಕ್ತಾ ಇದೀರೋ?" ಎಂದು ವಿಚಾರಿಸಿದರು. ಆಮೇಲೆ ಕಳೆಯನ್ನು ಸುಡುತ್ತದೆಂದು ಯಾರೋ ಹೇಳಿದ್ದು ಕೇಳಿ ವಿನೆಗರ್ ಸುರಿದೆ. ಹುಲ್ಲು ಸತ್ತಿತು, ತಾವು ಎಣ್ಣೆ ಹಚ್ಚಿ ಮಿಂದವರಂತೆ ಹೊಳೆದಿರಿ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ನನ್ನ ಹೆಂಡತಿಯ ತಾಳ್ಮೆಗೂ ಒಂದು ಬೇರಿದೆ, ಅದು ತಮ್ಮದರಷ್ಟು ಆಳವಾದುದಲ್ಲ. "ನೀವು ಕೀಳ್ತಾ ಇರಿ, ಅದು ಹುಟ್ತಾ ಇರ್ಲಿ. ನಾನಂತೂ ಅಂಗಳಕ್ಕೆ ಕಲ್ಲು ಹಾಸಿಸಿಬಿಡ್ತೀನಿ," ಎಂದವಳು ಗಾರೆಯವನನ್ನು ಕರೆಸಿ ಅಳತೆಯನ್ನೂ ತೆಗೆಸಿದಳು. ಮಾನ್ಯರೇ, ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಹಾಕದಿದ್ದರೆ ನನಗೆ ದಿನ ಶುರುವಾಗುವುದಿಲ್ಲ. ನನ್ನ ಪಾಲಿಗೆ ಇರುವ ಮಣ್ಣೆಂದರೆ ಅಷ್ಟೇ. ಅದನ್ನೂ ಕಲ್ಲಿನಡಿ ಹೂಳುವರಲ್ಲ ಎಂದು ಅನ್ನ ಸೇರದಾಯಿತು.

ಆದ್ದರಿಂದ ತಾವು ದಯಮಾಡಿ ಹಳದಿ ಬಿಟ್ಟು ಹಸಿರು ಬಣ್ಣದಲ್ಲೇ ಅರಳಬೇಕೆಂದೂ, ಬೀಜ ಹಾರಿಸುವ ಮುನ್ನ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿ, ಅದು ಎದುರುಮನೆಯ ಕಡೆಗಿದ್ದರೆ ಮಾತ್ರ ಹೊರಡಬೇಕೆಂದೂ, ನನ್ನ ಹೆಂಡತಿ ಕಿಟಕಿಗೆ ಬಂದಾಗಲಾದರೂ ತಲೆ ತಗ್ಗಿಸಿ ಹುಲ್ಲಿನಂತೆ ನಟಿಸಬೇಕೆಂದೂ ಕೋರುವವನಿದ್ದೆ. ಅಷ್ಟರಲ್ಲಿ ಕಳೆದ ಭಾನುವಾರ ಬಂತು.

ಕಲ್ಲು ಆರಿಸಲೆಂದು ನಾವು ಮೂವರೂ ಗಾರೆಯವನ ಮನೆಗೆ ಹೋದೆವು. ಬಂದವರಿಗೆ ತೋರಿಸಲೆಂದೇ ಅವನು ತನ್ನ ಅಂಗಳಕ್ಕೆ ಹಾಸಿದ ಕಲ್ಲು ಕನ್ನಡಿಯಂತಿತ್ತು. ನನ್ನ ಹೆಂಡತಿಯ ಮುಖ ಅರಳಿತು, ನನ್ನದು ಬಾಡಿತು. ಗಾರೆಯವನು ಮಾತ್ರ ಒಂದೇ ಜಾಗದಲ್ಲಿ ನಿಂತು, ಒಂದು ಕಾಲು ಕದಲಿಸದೆ ಮಾತಾಡುತ್ತಿದ್ದುದನ್ನು ಅತ್ತೆ ಕಂಡರು. "ಕಾಲು ತೆಗಿ ನೋಡೋಣ," ಎಂದರು. ತೆಗೆದ. ಎರಡು ಕಲ್ಲಿನ ಸಂದಿಯಲ್ಲಿ, ಕೂದಲು ತೂರದ ಜಾಗದಲ್ಲಿ, ತಮ್ಮ ಸಂಬಂಧಿಕರೊಬ್ಬರು ಹಳದಿ ಮುಖ ಹೊತ್ತು ನಗುತ್ತಿದ್ದರು.

"ನಿನ್ನೆ ಇರ್ಲಿಲ್ಲ ಅಮ್ಮ," ಎಂದ ಗಾರೆಯವನು.

"ನಿನ್ನೆ ಇಲ್ದವರಿಗೆ ಇವತ್ತು ಇಷ್ಟೊಂದು ಮೊಮ್ಮಕ್ಕಳಾ ಅಪ್ಪಾ?" ಎಂದು ಅತ್ತೆ ಸಂದಿಯುದ್ದಕ್ಕೂ ಬೆರಳು ತೋರಿಸಿದರು.

ನನ್ನ ಹೆಂಡತಿ ಕೂತು ಎಳೆದಳು. ಎಲೆ ಕೈಗೆ ಬಂತು, ಬೇರು ಕಲ್ಲಿನಡಿಯಲ್ಲೇ ಉಳಿಯಿತು. "ಮಣ್ಣಾದ್ರೆ ಚಾಕುನಾದ್ರೂ ಹಾಕಬಹುದು, ಇಲ್ಲಿ ಏನು ಹಾಕೋದು?" ಎಂದವಳು ಕೈ ಕೊಡವಿಕೊಂಡು ಎದ್ದು ಮನೆಯ ದಾರಿ ಹಿಡಿದಳು. ಕಲ್ಲಿನ ಮಾತನ್ನು ಆಮೇಲೆ ಎತ್ತಲಿಲ್ಲ.

ಹೀಗೆ, ನನ್ನ ಅಂಗಳ ಕೆಡಿಸಿದವರೂ ತಾವೇ, ಉಳಿಸಿಕೊಟ್ಟವರೂ ತಾವೇ. ಈ ಉಪಕಾರಕ್ಕೆ ಪ್ರತಿಯಾಗಿ ತಮ್ಮನ್ನು ಇನ್ನು ಮುಂದೆ ಗುದ್ದಲಿಯಿಂದ ಕಡಿಯದೆ, ಮಳೆ ಬಂದು ಮಣ್ಣು ಮೆತ್ತಗಾದ ಮೇಲೆ, ಬೇರಿಗೆ ನೋವಾಗದಂತೆ, ಬುಡಸಮೇತ ಗೌರವದಿಂದ ಮೇಲೆತ್ತಲಾಗುವುದು. ಇಂದು ಬೆಳಿಗ್ಗೆ ನಾನು ಚಾಕು ಹಿಡಿದು ಕೂತಿದ್ದಾಗ ಪಕ್ಕದಲ್ಲಿ ಇನ್ನೊಂದು ಚಾಕು ಬಂದು ಕೂತಿತು. "ಸ್ವಲ್ಪ ಸರೀರಿ. ಆ ಕಡೆ ನಿಮ್ದು, ಈ ಕಡೆ ನಂದು," ಎಂದಳು. ಅವಳ ಕಾಲಲ್ಲೂ ಚಪ್ಪಲಿ ಇರಲಿಲ್ಲ.

ತಮ್ಮ ಬೇರಿನ ತುದಿಯನ್ನು ಇನ್ನೂ ಕಾಣದ,
ತಮ್ಮ ವಿಶ್ವಾಸಿ,
ಅಂಗಳದ ಇನ್ನೊಬ್ಬ ನಿವಾಸಿ

ತಾ.ಕ.: ತಮ್ಮ ಎಳೆಯ ಎಲೆಗಳನ್ನು ಬೇಯಿಸಿ ತಿನ್ನಬಹುದೆಂದು ಅತ್ತೆಯವರು ಎಲ್ಲಿಂದಲೋ ಕೇಳಿಕೊಂಡು ಬಂದು ಪಾತ್ರೆ ತೊಳೆದಿಟ್ಟಿದ್ದಾರೆ. ಗುದ್ದಲಿಗೆ, ವಿನೆಗರ್‌ಗೆ, ಕಲ್ಲಿಗೆ ತಾವು ಹೆದರಲಿಲ್ಲ, ಸರಿ. ಅವರ ಅಡುಗೆಗೆ ಹೆದರುವುದು ಒಳ್ಳೆಯದು. ಮದುವೆಯಾದಂದಿನಿಂದ ಉಣ್ಣುತ್ತಿರುವವನ ಮಾತಿದು.